ವಿಲಾಯತಿಯಲ್ಲಿ ಆಕಳ ನಿಬಂಧ

ಶಿರಸಿ, ಬಸ್ಸು ಬಿಡುವ ಮುಂಚೆ

ಪರದೇಶಕ್ಕೆ ಹೊರಟವರಿಗೆ ನನ್ನ ಮೊದಲ ಸಲಹೆ: ಸುದ್ದಿಯನ್ನು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹೇಳಬೇಡಿ. ನಾನು ಹೇಳಿದೆ. ಹೇಳಿದ್ದು ಒಬ್ಬರಿಗೆ. ಬೀಳ್ಕೊಡಲು ಬಂದವರು ಒಂದು ಮದುವೆಗಾಗುವಷ್ಟು ಜನ, ಅದರಲ್ಲಿ ಅರ್ಧದಷ್ಟು ಮಂದಿಯ ಕೈಯಲ್ಲಿ ಉಪ್ಪಿನಕಾಯಿಯ ಭರಣಿ. ಇಂಗ್ಲೆಂಡಿನಲ್ಲಿ ಖಾರ ಸಿಗುವುದಿಲ್ಲವೆಂದು ಯಾರೋ ಯಲ್ಲಾಪುರದವರು ಹೇಳಿದ್ದರಂತೆ. ಅವರು ಹುಬ್ಬಳ್ಳಿಯಿಂದಾಚೆ ಹೋದವರಲ್ಲ.

ಸಿದ್ದಾಪುರದ ಹೆಗಡೆ ಮಾಸ್ತರರು ಮಾತ್ರ ಬರಿಗೈಯಲ್ಲಿ ಬಂದಿದ್ದರು. ನಾವಿಬ್ಬರೂ ಒಂದೇ ವರ್ಷ ನೌಕರಿಗೆ ಸೇರಿದವರು, ಸಲುಗೆ ಜಾಸ್ತಿ.

"ಎಂತದ್ರೀ ಈರಪ್ಪ ಮಾಸ್ತರೇ, ಬರೆಯೂದು ಹೇಗೆ ಕಲಿಸೂದು ಅಂತ ಕಲಿಯೂಕೆ ಹಡಗು ಹತ್ತಬೇಕಾ? ನಮ್ಮಲ್ಲಿ ಬೆತ್ತ ಎಲ್ಲ ಮುರಿದು ಹೋಯ್ತಾ?"

"ಬೆತ್ತ ಅದಾವ್ರಿ. ಅಂಗೈ ಸಾಲವಲ್ಲವು" ಎಂದೆ.

"ಆನು ಹೇಳ್ತೆ ಕೇಳಿ. ಅಲ್ಲಿ ಹೋಗಿ ದನದ ವ್ಯಾಪಾರ ಶುರು ಮಾಡಬೇಡಿ. ಮಾಸ್ತರ ಅಂತ ಕಳಸ್ತಾ ಇದ್ದಾರೆ, ದಲ್ಲಾಳಿ ಅಂತ ಅಲ್ಲ."

ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ನಗದೆ ಏನು ಮಾಡಲಿ? ನಮ್ಮ ಮನೆ ಬನವಾಸಿ ಕಡೆ, ಅಪ್ಪ ದನದ ದಲ್ಲಾಳಿ. ಓದು ಬರಹ ಬರುವ ಮುಂಚೆಯೇ ನನಗೆ ಎತ್ತಿನ ಹಲ್ಲು ನೋಡಿ ವಯಸ್ಸು ಹೇಳಲು ಬರುತ್ತಿತ್ತು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಮಾಸ್ತರನಾದೆ, ಮ್ಯಾಟ್ರಿಕ್ಕನ್ನು ಆಮೇಲೆ ಮನೆಯಲ್ಲೇ ಓದಿಕೊಂಡು ಕಟ್ಟಿದೆ. ಇಂಗ್ಲಿಷನ್ನು ಔಷಧದ ಬಾಟಲಿಯ ಚೀಟಿ, ರೈಲಿನ ವೇಳಾಪಟ್ಟಿ, ಸಿಕ್ಕಿದ್ದೆಲ್ಲ ಓದಿ ಒಟ್ಟುಗೂಡಿಸಿದ್ದು. ಹಾಗಾಗಿ ನನ್ನ ಇಂಗ್ಲಿಷ್ ಕೇಳಿದವರಿಗೆ ಎಲ್ಲಿಗೋ ಹೊರಡಬೇಕು, ಇಲ್ಲವೆ ಏನೋ ಕುಡಿಯಬೇಕು ಅನ್ನಿಸುತ್ತಿತ್ತು.

ನನ್ನನ್ನು ಆರಿಸಿದ್ದೇ ಒಂದು ತಮಾಷೆ. ಮಾಸ್ತರರನ್ನು ವಿಲಾಯತಿಗೆ ಕಳಿಸುವ ಸರಕಾರಿ ಯೋಜನೆಗೆ ಅರ್ಜಿ ಹಾಕುವ ಹೊತ್ತಿಗೆ ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷವಾಗಿತ್ತು. ಆದರೆ ಕಾಗದಪತ್ರಗಳಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ನನ್ನ ಅರ್ಜಿ ನನಗಿಂತ ಮೊದಲು ದೇಶ ಸುತ್ತಿತು. ಕೊನೆಗೆ ಸಂದರ್ಶನಕ್ಕೆ ಕರೆದರು. ಕೇಳಿದ್ದು ಒಂದೇ ಪ್ರಶ್ನೆ: ಒಂದನೆಯ ಇಯತ್ತೆಯ ಮಗು ಮೂಗು ಸೋರಿಸುತ್ತ ಬಂದರೆ ಏನು ಮಾಡುತ್ತೀರಿ? ನನ್ನ ಹಿಂದೆ ಮುಂದೆ ಕೂತ ಬಿ.ಎ.ಗಳು ಪಾಲಕರಿಗೆ ತಿಳಿವಳಿಕೆ, ಆರೋಗ್ಯ, ನೈರ್ಮಲ್ಯ ಎಂದೆಲ್ಲ ಹೇಳಿದರಂತೆ. ನಾನು "ಒರಸ್ತೇನ್ರಿ" ಎಂದೆ. ಆರಿಸಿಬಿಟ್ಟರು.

ಆದರೆ ಆಯ್ಕೆಗೆ ಒಂದು ಗಂಟು ಇತ್ತು. ಶಿರಸಿಯಲ್ಲಿ ಮಾಸ್ತರುಗಳಿಗೆ ಹೊಸದಾಗಿ ತರಬೇತಿ ವರ್ಗ ತೆರೆಯುವುದಿತ್ತು. ಸಣ್ಣ ಮಕ್ಕಳಿಗೆ ಬರವಣಿಗೆ ಕಲಿಸುವುದು ಹೇಗೆಂದು ಅಲ್ಲಿ ಹೇಳಿಕೊಡಲು ಒಬ್ಬರು ಬೇಕು. ನಾನು ಇಂಗ್ಲೆಂಡಿನ ಒಂದು ಶಾಲೆಯಲ್ಲಿ ಕೆಲವು ತಿಂಗಳಿದ್ದು, ಕೊನೆಗೆ ಅಲ್ಲಿಯ ಇನ್‌ಸ್ಪೆಕ್ಟರರ ಮುಂದೆ ಪಾಠ ಮಾಡಿ, ಅವರಿಂದ "ತೃಪ್ತಿಕರ" ಎಂಬ ವರದಿ ಪಡೆದರೆ ಆ ಜಾಗ ನನ್ನದು. ಇಲ್ಲವಾದರೆ ನಾನು ಕಲಿಸುತ್ತಿದ್ದ ನಂದೊಳ್ಳಿಯ ಶಾಲೆ, ಅದೇ ಒಂದನೆಯ ಇಯತ್ತೆ, ಅದೇ ಮೂಗು. ಊರಿಗೆ ಊರೇ ಉಪ್ಪಿನಕಾಯಿ ಕೊಟ್ಟು ಕಳಿಸಿದ ಮೇಲೆ ಹಾಗೆ ತಿರುಗಿ ಬರುವುದು ಹೇಗೆ, ನೀವೇ ಹೇಳಿ.

ಪೋರ್ಟ್ ಸೈದ್, ಹಡಗಿನ ಕಟಕಟೆ

ಮುಂಬಯಿಯಿಂದ ಏಡನ್ನಿನವರೆಗೆ ನಾನು ಕಂಡದ್ದು ಒಂದು ಬಾಲ್ದಿಯ ತಳ. ಸಮುದ್ರದ ವರ್ಣನೆ ಬೇಕಾದವರು ಬೇರೆಯವರ ಪುಸ್ತಕ ಓದಿಕೊಳ್ಳಿ.

ಪೋರ್ಟ್ ಸೈದಿನಲ್ಲಿ ಹಡಗು ನಿಂತಾಗ ಚೇತರಿಸಿಕೊಂಡೆ. ಚೇತರಿಸಿದ್ದು ಔಷಧದಿಂದಲ್ಲ, ವ್ಯಾಪಾರದ ಗದ್ದಲದಿಂದ. ಸಣ್ಣ ಸಣ್ಣ ದೋಣಿಗಳು ಹಡಗಿಗೆ ಆತುಕೊಂಡು ನಿಂತಿದ್ದವು. ಮಾರುವವರು ಕೆಳಗಿನಿಂದ ಹಗ್ಗ ಎಸೆಯುತ್ತಾರೆ, ಬುಟ್ಟಿಯಲ್ಲಿ ಸಾಮಾನು ಮೇಲೆ ಬರುತ್ತದೆ, ಅದೇ ಬುಟ್ಟಿಯಲ್ಲಿ ದುಡ್ಡು ಕೆಳಗಿಳಿಯುತ್ತದೆ. ನಮ್ಮ ಹಡಗಿನ ಓದಿದವರೆಲ್ಲ ಹೇಳಿದ ಬೆಲೆಗೇ ಕೊಳ್ಳುತ್ತಿದ್ದರು. ನನ್ನ ಹೊಟ್ಟೆ ಉರಿಯಿತು. ಅಂಗಿಯ ತೋಳು ಮಡಚಿ ಮುಂದೆ ಬಂದೆ.

ಒಂದು ತೊಗಲಿನ ಕೈಚೀಲ. ಅವನು ಒಂದು ಬೆಲೆ ಹೇಳಿದ. ನಾನು ಅದರ ಕಾಲುಭಾಗ ಹೇಳಿ ಬೆನ್ನು ತಿರುಗಿಸಿದೆ. ಅವನು ಎದೆ ಬಡಿದುಕೊಂಡ. ನಾನು ಆಕಾಶ ನೋಡಿದೆ. ಅವನು ತನ್ನ ಮಕ್ಕಳ ಹೆಸರು ಒಂದೊಂದಾಗಿ ಹೇಳಿ ಅಳತೊಡಗಿದ. ನಾನು ನನ್ನ ಮಕ್ಕಳ ಹೆಸರು ಹೇಳಿದೆ. ಸುತ್ತ ಜನ ಸೇರಿದರು. ಕೊನೆಗೆ ಚೀಲ ನಾನು ಹೇಳಿದ ಬೆಲೆಗೇ ಮೇಲೆ ಬಂತು, ಜನ ಚಪ್ಪಾಳೆ ತಟ್ಟಿದರು. ಅವನೂ ಕೆಳಗಿನಿಂದ ಚಪ್ಪಾಳೆ ತಟ್ಟಿದ. ಅಲ್ಲೇ ನನಗೆ ಸಂಶಯ ಬರಬೇಕಿತ್ತು.

ಇಂಗ್ಲೆಂಡಿನ ಮೊದಲ ಮಳೆಗೆ ಚೀಲ ಬಾಯಿ ಬಿಟ್ಟಿತು. ಒಳಗೆ ರಟ್ಟು, ರಟ್ಟಿನೊಳಗೆ ಅರಬ್ಬೀ ಪೇಪರು. ನಿಮಗೆ ಹೇಳಿಟ್ಟಿರುತ್ತೇನೆ: ಮಾರುವವನು ಅತ್ತರೆ ನಿಮ್ಮ ಕಿಸೆ ಮುಟ್ಟಿ ನೋಡಿಕೊಳ್ಳಿ, ನಕ್ಕರೆ ಸಾಮಾನನ್ನೂ ಮುಟ್ಟಿ ನೋಡಿ.

ಥಾರ್ನ್‌ಬೆಕ್, ಮೊದಲ ವಾರ

ಥಾರ್ನ್‌ಬೆಕ್ ಇಂಗ್ಲೆಂಡಿನ ಉತ್ತರಕ್ಕೆ, ಗುಡ್ಡದ ಮೇಲಿನ ಹಳ್ಳಿ. ಕಲ್ಲಿನ ಪಾಗಾರ, ಕಲ್ಲಿನ ಮನೆ, ಮಾತೂ ಹೆಚ್ಚುಕಡಿಮೆ ಕಲ್ಲೇ. ಲಂಡನ್ನಿನ ಇಂಗ್ಲಿಷಿಗೂ ಇವರ ಇಂಗ್ಲಿಷಿಗೂ ಇರುವ ದೂರ, ಮೈಸೂರಿನವರ ಕನ್ನಡಕ್ಕೂ ನಮ್ಮ ಬನವಾಸಿ ಕಡೆಯ ಕನ್ನಡಕ್ಕೂ ಇರುವಷ್ಟೇ. ಹಾಗಾಗಿ ಅಲ್ಲಿಯ ರೈತರ ಮಾತನ್ನು ನಾನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ಅವರಿಗೂ ಅದೇ ಒಪ್ಪುತ್ತದೆ.

ನಾನು ಉಳಿದದ್ದು ಮಿಸೆಸ್ ಕ್ಲೆಗ್ ಎಂಬ ವಿಧವೆಯ ಮನೆಯಲ್ಲಿ. ಮೊದಲ ಕೆಲವು ದಿನ ದಾರಿಯಲ್ಲಿ ಯಾರೇ ಸಿಗಲಿ, ನಮ್ಮಲ್ಲಿ ಕೇಳುವ ಹಾಗೆ "ಊಟ ಆಯಿತೆ?" ಎಂದು ಅವರ ಭಾಷೆಯಲ್ಲಿ ಕೇಳಿದೆ. ಮರ್ಯಾದಸ್ಥ ಮನುಷ್ಯ ಇನ್ನೇನು ಕೇಳಬೇಕು? ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಮುಂದೆ ಹೋಗುತ್ತಿದ್ದರು. ವಾರದ ಕೊನೆಗೆ ಮಿಸೆಸ್ ಕ್ಲೆಗ್‌ರ ಬಾಗಿಲ ಮೆಟ್ಟಿಲ ಮೇಲೆ ಮುಚ್ಚಿಟ್ಟ ತಟ್ಟೆಗಳು ಬಂದು ಕೂತವು. ಒಂದರಲ್ಲಿ ಸೇಬಿನ ಕಡುಬಿನಂಥದ್ದು, ಒಂದರಲ್ಲಿ ಬ್ರೆಡ್ಡು, ಮತ್ತೊಂದರಲ್ಲಿ ಬೇಯಿಸಿದ ಮೊಟ್ಟೆ. ಆ ತಾಯಿ ಬಾಡಿಗೆಗಿರುವವನನ್ನು ಉಪವಾಸ ಹಾಕಿದ್ದಾಳೆ, ಪಾಪದ ಪ್ರಾಣಿ ದಾರಿ ತುಂಬ ಊಟ ಕೇಳಿಕೊಂಡು ತಿರುಗುತ್ತಿದೆ ಎಂದು ಊರಿಗೇ ಸುದ್ದಿಯಾಗಿತ್ತು.

"ನನ್ನ ಮಾನ ಕಳೆದಿರಿ, ಮಿಸ್ಟರ್ ಈರಪ್ಪಾ!" ಎಂದರು ಮಿಸೆಸ್ ಕ್ಲೆಗ್, ತಟ್ಟೆಗಳನ್ನು ಒಂದೊಂದಾಗಿ ಒಳಗೆ ತರುತ್ತ.

ನಾನು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿ ಎಂಬುದೂ ಅವತ್ತೇ ಗೊತ್ತಾಗಿ ಅವರ ದುಃಖ ಇಮ್ಮಡಿಯಾಯಿತು. ಆಮೇಲೆ ನಾನೂ ಎಲ್ಲರಂತೆ "ಚಳಿ ಅಲ್ಲವೇ?" ಎಂದು ಕೇಳತೊಡಗಿದೆ. ಆ ಊರಲ್ಲಿ ಚಳಿ ಇಲ್ಲದ ದಿನವೇ ಇಲ್ಲ. ಕೇಳುವುದು ಯಾಕೋ.

ಶಾಲೆಯಲ್ಲಿ ಎರಡೇ ಕೋಣೆ. ಮುಖ್ಯೋಪಾಧ್ಯಾಯಿನಿ ಮಿಸ್ ಪಾರ್ಕರ್, ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವ ಲೆಕ್ಕಕ್ಕೆ ಪಾರ್ಕರ್ ಅಕ್ಕೋರು. ತೆಳ್ಳಗಿನ ಮೈ, ದಪ್ಪ ಕಾಲ್ಚೀಲ, ಎಂದೂ ಏರದ ದನಿ. ನನಗೆ ಮೊದಲು ಕಂಡದ್ದು ಅಲ್ಲಿ ಇಲ್ಲದ್ದು: ಬೆತ್ತವಿಲ್ಲ, ಉಕ್ತಲೇಖನವಿಲ್ಲ, ಹಲಗೆಯ ಮೇಲೆ ಬರೆದದ್ದನ್ನು ನೋಡಿ ಬರೆಯುವುದೂ ಇಲ್ಲ. ಗೋಡೆ ತುಂಬ ಮಕ್ಕಳು ಬರೆದ ಹಾಳೆಗಳು. ಅಕ್ಷರ ನೋಡಿದರೆ ಕೋಳಿ ಕೆದರಿದ ಹಾಗೆ. ನಮ್ಮ ಕಡೆ ಇಂಥದ್ದನ್ನು ಗೋಡೆಗೆ ಅಂಟಿಸಿದ ಮಾಸ್ತರನನ್ನು ಮರುದಿನವೇ ವರ್ಗ ಮಾಡುತ್ತಾರೆ.

"ಮಕ್ಕಳು ಬರೆಯುವಾಗ ನಾವೂ ಕೂತು ಬರೆಯುತ್ತೇವೆ" ಎಂದರು ಅಕ್ಕೋರು. "ನೀವೂ ಬನ್ನಿ. ವಿಷಯ ನಿಮ್ಮಿಷ್ಟದ್ದು."

ಸಣ್ಣ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿ ಕೂತೆ. ಇಷ್ಟದ ವಿಷಯವೆಂದರೆ ಇನ್ನೇನು? ನಾನು ಎಷ್ಟೋ ವರ್ಷದಿಂದ ಬರೆಸುತ್ತಿದ್ದ ನಿಬಂಧ. ಮುತ್ತಿನಂಥ ಅಕ್ಷರದಲ್ಲಿ ಬರೆದೆ: ಆಕಳು ಸಾಧು ಪ್ರಾಣಿ. ಅದಕ್ಕೆ ನಾಲ್ಕು ಕಾಲು, ಎರಡು ಕೋಡು, ಒಂದು ಬಾಲ ಇರುತ್ತವೆ. ಅದು ಹುಲ್ಲು ತಿನ್ನುತ್ತದೆ. ಹಾಲು ಕೊಡುತ್ತದೆ. ನಾವು ಅದನ್ನು ಪ್ರೀತಿಸಬೇಕು.

ಎದ್ದು ನಿಂತು ಗಟ್ಟಿಯಾಗಿ ಓದಿದೆ. ಯಾರೂ ನಗಲಿಲ್ಲ. ಮುಂದಿನ ಸಾಲಿನ ಸೂಸನ್ ಎಂಬ ಹುಡುಗಿ, ಏಳೆಂಟು ವರ್ಷದವಳು, ರೈತರ ಮಗಳು, ಕೈ ಎತ್ತಿದಳು.

"ಯಾವ ಆಕಳು, ಸರ್?"

"ಯಾವುದೆಂದರೆ... ಎಲ್ಲ ಆಕಳು."

"ಎಲ್ಲ ಆಕಳು ಸಾಧು ಅಲ್ಲ, ಸರ್. ಒದೀತಾವೆ."

ಹಿಂದಿನಿಂದ ಒಬ್ಬ ಹುಡುಗ ಕೇಳಿದ: "ಸರ್, ನೀವು ಯಾವತ್ತಾದರೂ ಆಕಳು ನೋಡಿದೀರಾ?"

ದಲ್ಲಾಳಿಯ ಮಗನಿಗೆ ಈ ಪ್ರಶ್ನೆ! ಸುಳಿ ನೋಡಿ ಗುಣ ಹೇಳುವವನಿಗೆ, ನಡಿಗೆ ನೋಡಿ ಗೊರಸಿನ ಮುಳ್ಳು ಹೇಳುವವನಿಗೆ! ಪಾರ್ಕರ್ ಅಕ್ಕೋರ ಕಡೆ ನೋಡಿದೆ. ಅವರು ನನ್ನ ಹಾಳೆ ತೆಗೆದುಕೊಂಡು, "ಸಾಕಷ್ಟು ಸ್ವಾರಸ್ಯವಾಗಿದೆ" ಎಂದರು. ನಾನು ಹಿಗ್ಗಿ ಆ ಸಂಜೆ ಮನೆಗೆ ಕಾಗದ ಬರೆದೆ: ನನ್ನ ನಿಬಂಧ ಇಲ್ಲಿ ಮೆಚ್ಚುಗೆ ಪಡೆಯಿತು. ಆ ಜನರ ಬಾಯಲ್ಲಿ "ಸಾಕಷ್ಟು ಸ್ವಾರಸ್ಯ" ಎಂದರೆ ದಯವಿಟ್ಟು ಇನ್ನು ಸಾಕು ಎಂದರ್ಥವೆಂದು ತಿಳಿಯುವ ಹೊತ್ತಿಗೆ ಆ ಕಾಗದ ಸೂಯೆಜ್ ದಾಟಿರಬೇಕು.

ಅಕ್ಕೋರ ಮನೆಯ ಚಹಾ

ಇನ್‌ಸ್ಪೆಕ್ಟರರು ಬರುವ ದಿನ ಹತ್ತಿರವಾಯಿತು. ನನ್ನ ಹತ್ತಿರ ಪಾಠವಿರಲಿಲ್ಲ. ಅಕ್ಕೋರು ಚಹಾಕ್ಕೆ ಕರೆದರು. ಅವರ ಕಿಟಕಿಯ ಹೊರಗೆ ದನ ಮೇಯುತ್ತಿದ್ದವು, ನನಗೆ ಸುಮ್ಮನಿರಲಾಗಲಿಲ್ಲ. ಆ ಕೊನೆಯದಕ್ಕೆ ಬಲಗಾಲಿನಲ್ಲಿ ನೋವಿದೆ, ಆ ಕೆಂಪಿನದು ಕರು ಕಳೆದುಕೊಂಡಿದೆ, ನೋಡಿ ಬೇಲಿಯ ಒಂದೇ ಜಾಗಕ್ಕೆ ತಿರುತಿರುಗಿ ಬರುತ್ತದೆ, ನಮ್ಮಪ್ಪ ಇಂಥದ್ದನ್ನು ಕೊಳ್ಳುವಾಗ ಹೀಗೆ ಮಾಡುತ್ತಿದ್ದ, ಹಾಗೆ ಹೇಳುತ್ತಿದ್ದ... ಚಹಾ ಆರಿ ಹೋಯಿತು.

ಅಕ್ಕೋರು ಬಟ್ಟಲು ಕೆಳಗಿಟ್ಟರು. "ಇದನ್ನೇಕೆ ಬರೆಯಲಿಲ್ಲ ನೀವು?"

"ಇದು ಸಂತೆಯ ಮಾತು, ಮೇಡಮ್. ಬರೆಯುವಂಥದ್ದಲ್ಲ."

"ಹಾಗಾದರೆ ಬರೆಯುವಂಥದ್ದು ಯಾವುದು?"

ಬಾಯಿಗೆ ಉತ್ತರ ಬಾರದಿದ್ದರೆ ನನಗೆ ಜ್ವರ ಬಂದ ಹಾಗೆ. ದಾರಿಯುದ್ದಕ್ಕೂ ತಲೆ ಓಡಿಸುತ್ತ ಬಂದೆ. ಸಂತೆಯಲ್ಲಿ ಯಾರೂ "ಆಕಳು ಸಾಧು ಪ್ರಾಣಿ" ಎನ್ನುವುದಿಲ್ಲ. ಹಾಗೆಂದರೆ ಕೊಳ್ಳುವವನು ಎದ್ದು ಹೋಗುತ್ತಾನೆ. ಎದುರಿಗೆ ನಂಬದವನೊಬ್ಬ ನಿಂತಾಗಲೇ ಮಾತಿಗೆ ಕಣ್ಣು ಮೂಗು ಬರುವುದು. ಮಕ್ಕಳ ಎದುರಿಗೆ ನಂಬದವನೊಬ್ಬನನ್ನು ನಿಲ್ಲಿಸಿದರೆ? ಅಂಥವನು ಬೇಕೆಂದರೆ ಬನವಾಸಿಯಿಂದ ಒಬ್ಬ ಬಂದೇ ಇದ್ದಾನೆ!

ಮಿಸೆಸ್ ಕ್ಲೆಗ್‌ರ ಬಾಗಿಲಿಗೆ ಬರುವ ಹೊತ್ತಿಗೆ ನಾನು ಆಗಲೇ ಶಿರಸಿಯ ತರಬೇತಿ ವರ್ಗದ ಕುರ್ಚಿಯಲ್ಲಿ ಕೂತಾಗಿತ್ತು.

ಸೋಮವಾರ, ಇನ್‌ಸ್ಪೆಕ್ಟರರು ಬಂದರು

ಇನ್‌ಸ್ಪೆಕ್ಟರ್ ಸಾಹೇಬರು ಎತ್ತರದ ಮನುಷ್ಯ. ಮೂಲೆಯ ಸಣ್ಣ ಕುರ್ಚಿಯಲ್ಲಿ ಛತ್ರಿ ಮಡಚಿದ ಹಾಗೆ ಮಡಚಿಕೊಂಡರು. ನಮ್ಮ ಕಡೆ ಸಾಹೇಬರು ಬಂದರೆ ಹಾರ, ಎಳನೀರು, ಮಕ್ಕಳ ಸ್ವಾಗತಗೀತೆ. ಇವರಿಗೆ ಯಾರೂ ಎದ್ದು ಕೂಡ ನಿಲ್ಲಲಿಲ್ಲ. ಅವರಿಗಿಂತ ನನಗೇ ಅವಮಾನವೆನ್ನಿಸಿತು.

ಮಕ್ಕಳಿಗೆ ಹೇಳಿದೆ: "ನಾನು ಸಂತೆಗೆ ಬಂದವ. ನಿಮ್ಮದೊಂದನ್ನು ನನಗೆ ಮಾರಬೇಕು. ಬಾಯಿ ತೆರೆಯುವಂತಿಲ್ಲ, ಬರೆದೇ ಮಾರಬೇಕು. ನಾನು ಬಹಳ ಕೆಟ್ಟ ಗಿರಾಕಿ."

ಪೀಟರ್ ಎಂಬುವನು ಓಡಿ ಬಂದ. ನನ್ನ ಸೈಕಲ್ಲು ಚೆನ್ನಾಗಿದೆ, ಅದು ಕೆಂಪು, ಎಂದು ಬರೆದಿದ್ದ.

"ಮೆಣಸಿನಕಾಯಿನೂ ಕೆಂಪಿರ್ತದೆ. ಬೇಡ" ಎಂದು ಹಾಳೆ ತಿರುಗಿಸಿ ಕೊಟ್ಟೆ.

ಅವನು ಮುಖ ಕೆಂಪಗೆ ಮಾಡಿಕೊಂಡು ಹೋಗಿ, ಮತ್ತೆ ಬಂದ. ಬೇಡ ಎಂದೆ. ಮತ್ತೆ ಬಂದ. ಈ ಸಲ ಹೀಗಿತ್ತು: ಇದರ ಬ್ರೇಕು ಹಂದಿಮರಿಯ ಹಾಗೆ ಕಿರಚುತ್ತದೆ. ಅದು ಕೇಳಿದರೆ ಅಜ್ಜಿ ನಾನು ಬಂದೆನೆಂದು ಚಹಾಕ್ಕೆ ನೀರಿಡುತ್ತಾಳೆ.

"ಕೊಂಡೆ!" ಎಂದು ಕೂಗಿದೆ. ವರ್ಗವೆಲ್ಲ ಕೇಕೆ ಹಾಕಿತು. ಆಮೇಲೆ ನೂಕುನುಗ್ಗಲು. ತಮ್ಮನನ್ನು ಮಾರಿದವರು, ಹಲ್ಲಿಲ್ಲದ ನಾಯಿ ಮಾರಿದವರು, ಪಾರ್ಕರ್ ಅಕ್ಕೋರ ಹಾರ್ಮೋನಿಯಂ ಮಾರಿದವನೂ ಒಬ್ಬ. "ಬೇಡ, ಬೇಡ" ಎಂದಷ್ಟೂ ಬರಹ ಬೆಳೆಯಿತು. ನಾನು ಸಾಹೇಬರ ಕಡೆ ಓರೆಗಣ್ಣು ಹಾಯಿಸಿದೆ. ಅವರ ಬಾಯಿಯ ಒಂದು ತುದಿ ಮೇಲೆ ಹೋಗಿತ್ತು. ಇಂಗ್ಲೆಂಡಿನಲ್ಲಿ ಅದು ಹೊಟ್ಟೆ ಹಿಡಿದು ನಗುವುದಕ್ಕೆ ಸಮ.

ಕೊನೆಗೆ ಸೂಸನ್ ಬಂದಳು. ಅವಳ ಹಾಳೆಯನ್ನು ನಾನೇ ಗಟ್ಟಿಯಾಗಿ ಓದಿದೆ.

"ಬ್ಲಾಸಮ್ ನಮ್ಮ ಆಕಳು. ಅವಳ ಒಂದು ಮೊಲೆಯಲ್ಲಿ ಹಾಲಿಲ್ಲ. ಹೊಸಬರು ಕರೆಯಲು ಕೂತರೆ ಬಾಲ್ದಿ ಒದೆಯುತ್ತಾಳೆ. ನಾನು ಒಂದು ಹಾಡು ಗುನುಗಿದರೆ ಮಾತ್ರ ಸೊರೆ ಬಿಟ್ಟು ಹಾಲು ಕೊಡುತ್ತಾಳೆ. ಆ ಹಾಡು ನಿಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ನೀವು ಕೊಂಡರೆ ಅವಳು ನಿಮ್ಮ ಗೇಟಿನ ಹತ್ತಿರ ನಿಂತು ನಮ್ಮ ಗುಡ್ಡದ ಕಡೆ ನೋಡಿ ಕೂಗುತ್ತಾಳೆ. ನಿಮಗೆ ನಿದ್ದೆ ಬರುವುದಿಲ್ಲ. ಕೊಳ್ಳಬೇಡಿ."

ಕೇಕೆ ನಿಂತಿತು. ಬುಧವಾರ ಬ್ಲಾಸಮ್‌ಳನ್ನು ಮಾರಲು ಸಂತೆಗೆ ಹೊಡೆದುಕೊಂಡು ಹೋಗುತ್ತಾರೆ ಎಂದು ಪೀಟರ್ ಮೆಲ್ಲಗೆ ಹೇಳಿದ.

ಸಾಹೇಬರು ಮೂಲೆಯಿಂದ ಕೇಳಿದರು: "ಮಿಸ್ಟರ್ ಈರಪ್ಪ, ಇದನ್ನು ಕೊಂಡಿರಾ?"

"ಇಲ್ಲ, ಸರ್."

"ಹಾಗಾದರೆ ನಿಮ್ಮ ನಿಯಮದ ಪ್ರಕಾರ ಇವಳು ನಪಾಸೇ?"

"ಇಲ್ಲ, ಸರ್. ನಾನು ಕೊಳ್ಳಬಾರದೆಂದು ಬರೆದಳು. ಚಾಚಿದ ಕೈ ಹಿಂದೆ ತೆಗೆದುಕೊಂಡೆ. ಇವತ್ತಿನ ಸಂತೆಯಲ್ಲಿ ಇವಳೇ ಗೆದ್ದಳು."

ಸೂಸನ್ ನನ್ನನ್ನೇ ನೋಡುತ್ತಿದ್ದಳು, ಕಣ್ಣು ಪಿಳುಕಿಸದೆ.

ಸಾಹೇಬರು ಎದ್ದು ಛತ್ರಿ ಬಿಚ್ಚಿದ ಹಾಗೆ ನೆಟ್ಟಗಾದರು. "ಸಾಕಷ್ಟು ಸ್ವಾರಸ್ಯವಾಗಿದೆ" ಎಂದರು. ಅದರ ಅರ್ಥ ನನಗೆ ಈಗ ಗೊತ್ತಿತ್ತು. "ಆದರೆ ಒಂದು ದಿನದ ಪಾಠ ಅದೃಷ್ಟವೂ ಆಗಬಹುದು. ಇದಾದ ಮೇಲೆ ಈ ಮಕ್ಕಳು ಏನು ಬರೆಯುತ್ತಾರೆ ನೋಡಬೇಕು. ಶುಕ್ರವಾರ ಬರುತ್ತೇನೆ. ವರದಿ ಆಮೇಲೆ."

ಮಂಗಳವಾರ, ಸೂಸನ್‌ಳ ಅಪ್ಪನ ಕೊಟ್ಟಿಗೆ

ಬುದ್ಧಿಯಿದ್ದವನು ಶುಕ್ರವಾರದ ಪಾಠಕ್ಕೆ ತಯಾರಿ ಮಾಡುತ್ತಿದ್ದ. ನಾನು ಸೂಸನ್‌ಳ ಹಾಳೆ ಹಿಡಿದು ಅವಳ ಅಪ್ಪನ ಕೊಟ್ಟಿಗೆಗೆ ಹೋದೆ. ದನದ ವಿಷಯದಲ್ಲಿ ಒಬ್ಬ ರೈತನ ಮನಸ್ಸು ತಿರುಗಿಸಲು ನನಗಿಂತ ತಕ್ಕವರಾರು?

ಅಪ್ಪ ಹಾಳೆ ಓದಿದ. ಎರಡು ಸಲ ಓದಿದ ಅನ್ನಿಸುತ್ತದೆ. ಮಡಚಿ ಕಿಸೆಯಲ್ಲಿಟ್ಟುಕೊಂಡ.

"ಚಲೋ ಬರದಾಳ ಹುಡುಗಿ" ಎಂದ.

"ಹಾಗಾದರೆ ಆಕಳು?"

"ಹಾಲು ಬತ್ತೇತಿ. ಚಳಿಗಾಲದ ಹುಲ್ಲು ಸುಮ್ಮನ ನಿಂತ ದನಕ್ಕ ಸಾಲೂದಿಲ್ಲ. ನಾಳೆ ಸಂತಿ."

ನಾನು ಬಾಯಿಮಾತು ಬಿಟ್ಟು ಕೈಮಾತಿಗೆ ಇಳಿದೆ. ನಮ್ಮ ದನದ ಸಂತೆಯಲ್ಲಿ ದೊಡ್ಡ ವ್ಯವಹಾರವೆಲ್ಲ ಟವೆಲ್ಲಿನ ಕೆಳಗೆ. ಕೊಳ್ಳುವವನೂ ಮಾರುವವನೂ ಕೈಕೈ ಹಿಡಿದು ಮೇಲೆ ಬಟ್ಟೆ ಮುಚ್ಚಿ, ಬೆರಳು ಒತ್ತಿ ಬೆಲೆ ಹೇಳುತ್ತಾರೆ. ಬೆರಳು ಮುಟ್ಟಿದ ಮೇಲೆ ಎಂಥ ಕಲ್ಲಿನಂಥವನೂ ಸ್ವಲ್ಪ ಮೆತ್ತಗಾಗುತ್ತಾನೆ ಎಂದು ಅಪ್ಪ ಹೇಳುತ್ತಿದ್ದ. ಹೆಗಲ ಮೇಲಿನ ಮಫ್ಲರ್ ತೆಗೆದು ಹರಡಿ, ಅದರ ಕೆಳಗೆ ಆ ಮನುಷ್ಯನ ಹೆಬ್ಬೆರಳನ್ನೂ ತೋರುಬೆರಳನ್ನೂ ಗಟ್ಟಿಯಾಗಿ ಹಿಡಿದು, ಅರ್ಥಪೂರ್ಣವಾಗಿ ಒತ್ತಿದೆ.

ಅವನು ನನ್ನ ಮುಖ ನೋಡಿದ, ಮಫ್ಲರ್ ನೋಡಿದ. ಮತ್ತೆ ನನ್ನ ಮುಖ ನೋಡಿದ.

"ಏ ಮಾರ್ಗರೆಟ್!" ಎಂದು ಮನೆಯ ಕಡೆ ಕೂಗಿದ. "ಲಗೂ ಬಾ ಇಲ್ಲೆ! ಮಾಸ್ತರಗ ಏನೋ ಆಗೇತಿ!"

ಮಾರ್ಗರೆಟ್ ಎಂಬ ಹೆಂಡತಿ ಬಂದು ನನ್ನನ್ನು ಒಲೆಯ ಮುಂದೆ ಕೂರಿಸಿ ಬಿಸಿ ಹಾಲು ಕುಡಿಸಿದಳು. ಹೊರಗೆ ಹೋಗುವಾಗ ಸೂಸನ್ ಬಾಗಿಲಲ್ಲಿದ್ದಳು. "ಅಪ್ಪ ಏನಂದರು, ಸರ್?" ಎಂದಳು. "ಚೆನ್ನಾಗಿ ಬರೆದಿದ್ದಾಳೆ ಅಂದರು" ಎಂದೆ. ಅದು ಸುಳ್ಳಾಗಿರಲಿಲ್ಲ, ಅವಳು ಕೇಳಿದ್ದಕ್ಕೆ ಉತ್ತರವೂ ಆಗಿರಲಿಲ್ಲ.

ಬುಧವಾರ ಬ್ಲಾಸಮ್ ಹೋಯಿತು. ಅಲ್ಲಿಯ ಸಂತೆಯಲ್ಲಿ ಬೆರಳಿಲ್ಲ, ಟವೆಲ್ಲಿಲ್ಲ, ಕಟ್ಟೆಯ ಮೇಲೆ ನಿಂತವನೊಬ್ಬ ಬೆಲೆ ಕೂಗಿ ಸುತ್ತಿಗೆ ಬಡಿಯುತ್ತಾನೆ. ಗುರುವಾರ ಸೂಸನ್ ಶಾಲೆಗೆ ಬರಲಿಲ್ಲ.

ಶುಕ್ರವಾರ

ಶುಕ್ರವಾರಕ್ಕೆ ನಾನು ಭರ್ಜರಿ ಸಂತೆ ಹೂಡಿದ್ದೆ. ಅರ್ಧ ವರ್ಗ ಮಾರುವವರು, ಅರ್ಧ ಕೊಳ್ಳುವವರು, ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ನಿಯಮಗಳು. ಸಾಹೇಬರು ಮಡಚಿಕೊಂಡು ಕೂತಾಗಿತ್ತು. ಸೂಸನ್ ಬಂದಿದ್ದಳು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳ ಕೈ ಮೇಲೆದ್ದಿತು.

"ಸರ್, ನಂದು ಚೆನ್ನಾಗಿತ್ತು ಅಂದಿರಿ."

"ಹೌದು."

"ಅಪ್ಪಾನೂ ಅಂದರು."

"ಹೌದು."

"ಮತ್ತೆ ಮಾರಿದರಲ್ಲ."

ಸಲಹೆ ಕೊಡುವುದರಲ್ಲಿ ಎಂದೂ ಸೋಲದವನು ನಾನು. ಮದುವೆಗೆ, ಮೊಕದ್ದಮೆಗೆ, ಹೊಟ್ಟೆನೋವಿಗೆ, ಕೇಳದವರಿಗೂ ಕೊಟ್ಟಿದ್ದೇನೆ. ಅವತ್ತು ಅಂಗೈಯ ಸೀಮೆಸುಣ್ಣ ಒರಸಿಕೊಳ್ಳುತ್ತ ನಿಂತೆ.

"ನಂಗೆ ಇವತ್ತು ಮಾರೋ ಆಟ ಬೇಡ" ಎಂದಳು. "ಯಾರಿಗೂ ಅಲ್ಲದ್ದು ಬರೀಬಹುದಾ?"

ಹಲಗೆ ನೋಡಿದೆ. ಅದರ ಮೇಲೆ ನನ್ನ ನಿಯಮಗಳು ಮೂರು ಬಣ್ಣದಲ್ಲಿ ಹೊಳೆಯುತ್ತಿದ್ದವು. ಸಾಹೇಬರ ಮೊಣಕಾಲ ಮೇಲೆ ವರದಿಯ ಕಾಗದ. ಶಿರಸಿ, ತರಬೇತಿ ವರ್ಗ, ಬಿ.ಎ.ಗಳ ಸಾಲು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು.

"ಬರಿ" ಎಂದೆ.

ಅವಳು ಬಗ್ಗಿ ಬರೆಯತೊಡಗಿದಳು. ಪೀಟರ್ ಅವಳನ್ನು ನೋಡಿ ತಾನೂ ಬಗ್ಗಿದ. ಒಬ್ಬರ ಹಿಂದೊಬ್ಬರು ಇಡೀ ವರ್ಗ ಬಗ್ಗಿತು. ಸಂತೆ ನೆರೆಯಲೇ ಇಲ್ಲ. ಮಾಡಲು ನನಗೆ ಏನೂ ಕೆಲಸ ಉಳಿಯಲಿಲ್ಲ. ನಡುವೆ ತಿರುಗಾಡಿ "ಬಾಲದ ಬಗ್ಗೆ ಬರೆ, ಕಣ್ಣಿನ ಬಗ್ಗೆ ಬರೆ" ಎನ್ನಬೇಕೆಂದು ನಾಲಿಗೆ ತುರಿಸಿತು. ಕೈಗಳ ಮೇಲೆ ಕೂತುಕೊಂಡೆ. ಕೈ ಹಿಡಿದಿಟ್ಟರೆ ನನ್ನ ನಾಲಿಗೆಯೂ ಸುಮ್ಮನಿರುತ್ತದೆ, ಇದು ನನ್ನ ಹೆಂಡತಿ ಕಂಡುಹಿಡಿದದ್ದು. ಒಲೆಯ ಕೆಂಡ ಕುಸಿಯುವ ಸದ್ದು, ಪೆನ್ಸಿಲ್ಲುಗಳ ಸದ್ದು. ನನ್ನ ಅಷ್ಟು ವರ್ಷದ ನೌಕರಿಯಲ್ಲಿ ಹೆದರಿಕೆಯಿಲ್ಲದೆ ಸುಮ್ಮನಿದ್ದ ವರ್ಗವನ್ನು ನೋಡಿದ್ದು ಅದೇ ಮೊದಲು.

ಗಂಟೆ ಹೊಡೆಯಿತು. ಸಾಹೇಬರು ಎದ್ದು ಹಾಳೆಗಳನ್ನು ನೋಡುತ್ತ ಬಂದರು. ಸೂಸನ್‌ಳ ಮುಂದೆ ನಿಂತು ಕೈ ಚಾಚಿದರು. ಅವಳು ಎರಡೂ ಅಂಗೈ ಹಾಳೆಯ ಮೇಲೆ ಒತ್ತಿದಳು.

"ಇದು ತೋರಿಸೋಕೆ ಬರೆದದ್ದಲ್ಲ, ಸರ್."

ಸಾಹೇಬರು ನನ್ನ ಕಡೆ ತಿರುಗಿದರು. "ಸೋಮವಾರದ ಪಾಠದ ಫಲ ಏನೆಂದು ನೋಡಲು ನಾನು ಬಂದದ್ದು ಈ ಹಾಳೆಗಾಗಿಯೇ. ನೀವು ಕೇಳಿದರೆ ಕೊಟ್ಟಾಳು."

ಕೊಡುತ್ತಿದ್ದಳು. ಒಲ್ಲದವರೊಡನೆ ವ್ಯವಹಾರ ಮುಗಿಸುವ ದಾರಿಗಳು ನನಗೆ ಗೊತ್ತು. ಹೊಗಳುವುದು, ಹುಸಿ ಮುನಿಸು, ಒಂದೇ ಸಾಲು ತೋರಿಸು ಸಾಕು ಎನ್ನುವುದು, ಬೇಡ ಬಿಡು ಎಂದು ಬೆನ್ನು ತಿರುಗಿಸುವುದು. ಎಲ್ಲವೂ ಬಂದು ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತವು. ಅವಳು ನನ್ನನ್ನೇ ನೋಡುತ್ತಿದ್ದಳು, ಈ ಮನುಷ್ಯ ಯಾರ ಕಡೆಯ ದಲ್ಲಾಳಿ ಎನ್ನುವ ಹಾಗೆ.

"ಕೇಳೋದಿಲ್ಲ, ಸರ್" ಎಂದೆ. "ಯಾರಿಗೂ ಅಲ್ಲದ್ದು ಬರೆ ಅಂತ ನಾನೇ ಹೇಳಿದ್ದು. ಮಾತು ಕೊಟ್ಟಾಯ್ತು."

"ನಿಮ್ಮ ವರದಿ ಇದರ ಮೇಲೆ ನಿಂತಿದೆ."

"ಗೊತ್ತು, ಸರ್."

ನನ್ನ ದನಿ ಸ್ವಲ್ಪ ಕೀರಲಾಗಿತ್ತು, ವೀರರ ದನಿಯಲ್ಲ. ಸಾಹೇಬರು ಪೆನ್ನಿನ ಟೊಪ್ಪಿಗೆ ಮುಚ್ಚಿದರು. ಸೂಸನ್‌ಳ ಕಡೆ ಬಗ್ಗಿ, "ಚೀಲದೊಳಗಿಟ್ಟುಕೋ, ಮಗು. ಮಳೆ ಬರುವ ಹಾಗಿದೆ, ನೆನೆಯುತ್ತದೆ" ಎಂದರು. ವರದಿಯ ಕಾಗದವನ್ನು ಹಾಗೆಯೇ ಮಡಚಿಕೊಂಡು ಹೊರಟರು.

ಬಾಗಿಲು ಮುಚ್ಚಿದ ಮೇಲೆ ಪಾರ್ಕರ್ ಅಕ್ಕೋರು ನನ್ನ ಹತ್ತಿರ ಬಂದರು. "ಪರವಾಗಿಲ್ಲ, ಮಿಸ್ಟರ್ ಈರಪ್ಪ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಆ ದೇಶದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಹೊಗಳಿಕೆ ಅದೇ ಎಂದು ಈಗ ಗೊತ್ತು. ಆಗ ನಾನು ನಂದೊಳ್ಳಿಗೆ ಮಾನಸಿಕವಾಗಿ ಗಂಟುಮೂಟೆ ಕಟ್ಟುತ್ತಿದ್ದೆ.

ಮತ್ತೆ ಶಿರಸಿ

ವರದಿ ನನ್ನ ಹಿಂದೆಯೇ ಇನ್ನೊಂದು ಹಡಗಿನಲ್ಲಿ ಬಂತು. "ತೃಪ್ತಿಕರ" ಎಂದಿತ್ತು. ಕೆಳಗೆ ಕೈಬರಹದಲ್ಲಿ ಒಂದು ಸಾಲು: ಎರಡನೆಯ ಪಾಠದಲ್ಲಿ ಇವರು ಏನೂ ಮಾಡಲಿಲ್ಲ, ಅದನ್ನು ಚೆನ್ನಾಗಿ ಮಾಡಿದರು. ಇದು ಹೊಗಳಿಕೆಯೋ ಬೈಗುಳವೋ ಎಂದು ಕಚೇರಿಯಲ್ಲಿ ಬಹಳ ಚರ್ಚೆಯಾಯಿತಂತೆ. ತೀರ್ಮಾನವಾಗದೆ ಕೊನೆಗೆ ಜಾಗ ಕೊಟ್ಟರು.

ತರಬೇತಿ ವರ್ಗದ ಮೊದಲ ದಿನ ಈ ಕಥೆಯನ್ನೇ ಹೇಳಿದೆ, ಸುಮ್ಮನಿರುವುದು ಹೇಗೆಂಬುದರ ಮೇಲೆ ಬೆಳಗಿನಿಂದ ಊಟದ ಹೊತ್ತಿನ ತನಕ ಒಂದೇ ಸಮನೆ ಮಾತಾಡಿದೆ. ಮುಗಿದ ಮೇಲೆ ಅರಬೈಲ್ ಕಡೆಯ ಹೊಸ ಮಾಸ್ತರನೊಬ್ಬ ಎದ್ದು ನಿಂತ.

"ಸರ್, ಆ ಹುಡುಗಿ ಏನು ಬರೆದಿದ್ದಳು?"

"ಗೊತ್ತಿಲ್ಲಪ್ಪ."

"ಯಾರಿಗೂ ಗೊತ್ತಿಲ್ವಾ?"

"ಅವಳಿಗೆ ಗೊತ್ತು."

"ಮತ್ತೆ ತಪ್ಪು ತಿದ್ದಿದ್ದು ಯಾರು, ಸರ್?"

"ಯಾರೂ ಇಲ್ಲ."

ಅವನು ಕೂತ. ಪಕ್ಕದವನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು: "ಅಷ್ಟು ದೂರ ಹೋಗಿ, ಒಂದು ಹಾಳೆ ಇಸ್ಕೊಂಡು ಬರೋಕೆ ಆಗ್ಲಿಲ್ಲ ನೋಡು ಇವರಿಗೆ."